ಬಾಗಿಲು ಅರ್ಧ ಎಳೆದಾಗಿದೆ

ಗೆಳತಿ ತೀರಿಕೊಂಡ ಮೇಲೆ ಅವಳ ಹಾಡಿಗೆ ಎಲ್ಲರೂ ಹೊಸ ಅರ್ಥ ಹಚ್ಚಿದರು. ಶಿರೂರಿನಲ್ಲಿ ಪರಿಚಯದವರ ಮದುವೆ ಮುಗಿಸಿ ಪುಣೆಗೆ ಮರಳುವಾಗ ಅವಳಿದ್ದ ಕಾರು ಲಾರಿಗೆ ಬಡಿಯಿತು, ಅವಳು ಅಲ್ಲೇ ಹೋದಳು. ಕೆಲವೇ ವಾರ ಮೊದಲು ನಮ್ಮ ಕನ್ನಡ ಗಾಯನ ಗುಂಪಿಗೆ ಅವಳು ಕಲಿಸಿದ ಹಾಡು ಹೀಗೆ ಶುರುವಾಗುತ್ತಿತ್ತು: ‘ಬಾಗಿಲು ಅರ್ಧ ಎಳೆದಾಗಿದೆ, ಇನ್ನು ಯಾರೂ ಕರೆಯಬೇಡಿ.’

ಉತ್ತರಕ್ರಿಯೆಯ ದಿನ ಪುಣೆಯ ವಾಕಡದ ಅವಳ ಫ್ಲ್ಯಾಟಿನಲ್ಲಿ ಎದುರುಮನೆಯ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಬೆಂಗಳೂರಿನವಳು, ಗುಂಪಿಗೆ ಹೊಸಬಳು.

“ಆಂಟಿಗೆ ಮೊದಲೇ ಗೊತ್ತಿತ್ತು ಅನ್ಸುತ್ತೆ. ಆ ಹಾಡನ್ನ ಫಸ್ಟ್ ನನಗೇ ಹಾಡಿ ತೋರಿಸಿದ್ರು” ಎಂದಳು.

ಉಳಿದವರು ತಲೆದೂಗಿದರು. ನಾನು ಆ ಹುಡುಗಿಯನ್ನೇ ನೋಡಿದೆ. ಮೊದಲು ಇವಳಿಗೇ?

ಆ ಸಾಲು ಹುಟ್ಟಿದಾಗ ನಾನಿದ್ದೆ. ಭೋಸರಿಯಲ್ಲಿ ಗೆಳತಿ ಮತ್ತು ಅವಳ ಗಂಡನ ಹೋಟೆಲು. ಕಾರ್ಖಾನೆಯವರ ಊಟ ಮುಗಿದ ಮೇಲೆ ಶಟರ್ ಅರ್ಧ ಇಳಿಸಿ, ಎರಡು ಬೆಂಚು ಜೋಡಿಸಿ ಅವಳು ಒಂದು ನಿದ್ದೆ ತೆಗೆಯುತ್ತಿದ್ದಳು. ಅಂದು ನಾನು ಹರಟೆಗೆ ಹೋಗಿದ್ದೆ. ಒಬ್ಬಾತ ಬಗ್ಗಿ ಒಳಗೆ ಇಣುಕಿ, “ಚಹಾ ಮಿಳೇಲ್ ಕಾ?” ಎಂದು ಮರಾಠಿಯಲ್ಲಿ ಚಹಾ ಕೇಳಿದ. ಅವನು ಹೋದದ್ದೇ ಇವಳು ಸೆರಗು ಮುಖಕ್ಕೆ ಎಳೆದುಕೊಂಡು, “ಬಾಗಿಲು ಅರ್ಧ ಎಳೆದಾಗಿದೆ, ಇನ್ನು ಯಾರೂ ಕರೆಯಬೇಡಿ ಅಂತ ಬೋರ್ಡ್ ಹಾಕಬೇಕು ಮಾರಾಯ್ತಿ” ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನಿದ್ದೆ ಬಿಟ್ಟು ಅದಕ್ಕೊಂದು ರಾಗ ಹುಡುಕತೊಡಗಿದಳು.

“ಅದು ಸಾವಿನ ಹಾಡಲ್ಲರಿ. ಮಧ್ಯಾಹ್ನದ ನಿದ್ದಿ ಹಾಡು. ನಾ ಅಲ್ಲೇ ಇದ್ದೆ” ಎಂದೆ ನಾನು.

ಹಿರಿಯರೊಬ್ಬರು ಮೆಲ್ಲಗೆ, “ಈಗ ಯಾಕ ಬಿಡ್ರಿ ಅದೆಲ್ಲಾ” ಎಂದರು. ಹುಡುಗಿಯ ಕೈಯನ್ನು ಯಾರೋ ಹಿಡಿದುಕೊಂಡರು. ನನ್ನ ಕೈಯನ್ನು ಹಿಡಿಯುವವರಿರಲಿಲ್ಲ.

ಹೊರಡುವಾಗ ಗೆಳತಿಯ ಗಂಡ ಲಿಫ್ಟಿನವರೆಗೆ ಬಂದರು.

“ನೀವು ಹೇಳಿದ್ದು ಸರಿ. ಆದರೆ ಆ ಮಾತು ಅವಳದ್ದಲ್ಲ, ಅವಳ ಅಮ್ಮನದ್ದು. ಊರಲ್ಲಿ ಮಧ್ಯಾಹ್ನ ಗಂಜಿ ಉಂಡು ಮಲಗುವ ಮೊದಲು ಅಮ್ಮ ಮಕ್ಕಳಿಗೆ ದಿನಾ ಹಾಗೆ ಹೇಳ್ತಿದ್ರಂತೆ. ಅಮ್ಮ ತೀರಿದ ಮೇಲೆ ಇವಳು ಆ ಮಾತು ಹೇಳಿ ಒಮ್ಮೊಮ್ಮೆ ಅಳ್ತಿದ್ದಳು.”

“ನನಗ ಹೇಳಿರಲಿಲ್ಲ” ಎಂದೆ.

“ನಿಮ್ಮೊಟ್ಟಿಗೆ ನಗ್ತಿದ್ದಳಲ್ಲ” ಎಂದರು ಅವರು.

ಸಮಾಧಾನ ಮಾಡಲೆಂದೇ ಅವರು ಹಾಗೆ ಹೇಳಿದ್ದರು. ನನಗೆ ಸಮಾಧಾನವಾಗಲಿಲ್ಲ. ನಾನು ಕಣ್ಣಾರೆ ಕಂಡಿದ್ದರಲ್ಲೂ ಅರ್ಧ ನನಗೆ ಕಂಡಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ, ಎಂದೂ ನೋಡದ ಆ ತಾಯಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ಗೆಳತಿ ಯಾರೆದುರು ಅಳುತ್ತಿದ್ದಳೋ ಆ ಗಂಡನ ಮೇಲೂ.

ಮುಂದೆ ಗುಂಪಿನವರು ಹಾಡನ್ನು ವಿಲಂಬ ಲಯಕ್ಕೆ ಇಳಿಸಿದರು. ಕೇಳುವವರು ಈಗ ಅಳುತ್ತಾರೆ. ಗೆಳತಿ ಅದನ್ನು ಚುರುಕಾಗಿ, ತೊಡೆಯ ಮೇಲೆ ತಾಳ ಬಡಿಯುತ್ತ ಹಾಡುತ್ತಿದ್ದಳು. ಹಾಗೆ ಹಾಡೋಣವೆಂದು ಒಮ್ಮೆ ಹೇಳಿದೆ, ಯಾರೂ ಒಪ್ಪಲಿಲ್ಲ. ನಾನೂ ಅವರ ಜೊತೆ ನಿಧಾನವಾಗಿಯೇ ಹಾಡುತ್ತೇನೆ.

ಕಳೆದ ತಿಂಗಳು ಆ ಹುಡುಗಿ, “ಆಂಟಿ ಹಾಡ್ತಿದ್ದ ಹಾಗೆ ನನಗೊಬ್ಬಳಿಗೆ ಕಲಿಸ್ತೀರಾ?” ಎಂದು ಕೇಳಿದಳು.

“ನೋಡೋಣಂತ” ಎಂದೆ. ಇನ್ನೂ ಕಲಿಸಿಲ್ಲ.