ಗುರುತುಪಟ್ಟಿಯ ಕೆಳಗಿನ ದೇಶ

ಕ್ನಾರಿಕ್ ತೋನಕಾನ್ಯಾನಳಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ. ಬಂದರೆ ಮಾತ್ರ ಹೋಗುತ್ತಿರಲಿಲ್ಲ. ಆರ್ಮೇನಿಯದ ಗ್ಯುಮ್ರಿಯ ಜನ ಎಂಥದ್ದನ್ನಾದರೂ ನಕ್ಕು ಅರಗಿಸಿಕೊಳ್ಳುವವರು, ಊರನ್ನೇ ನುಂಗಿದ ಭೂಕಂಪದ ಮೇಲೂ ಗೇಲಿಮಾತು ಕಟ್ಟಿದವರು. ಆ ಊರಿನಲ್ಲೇ ಹುಟ್ಟಿ ಬೆಳೆದರೂ ಅವಳಿಗೆ ಆ ವಿದ್ಯೆ ಒಲಿಯಲಿಲ್ಲ. ಅವಳ ಗಂಡ ಹಮಾಜಾಸ್ಪ್ ಇಬ್ಬರ ಪಾಲಿನದನ್ನೂ ತಾನೇ ನಗುತ್ತಿದ್ದ.

ಮೂವತ್ತೈದು ವರ್ಷ ಅವಳು ಭೂಗೋಳ ಪಾಠ ಮಾಡಿದ್ದಳು. ಆ ವಿಷಯವನ್ನೇ ಆರಿಸಿಕೊಳ್ಳಲು ಕಾರಣ ಅವಳ ತಾಯಿಯ ತಾಯಿ. ಆಕೆ ಒಂಬತ್ತನೆಯ ವಯಸ್ಸಿನಲ್ಲಿ ಈಗ ಟರ್ಕಿಗೆ ಸೇರಿದ ಕಾರ್ಸ್ ಕಡೆಯ ಹಳ್ಳಿಯಿಂದ ಯುದ್ಧಕ್ಕೆ ಹೆದರಿ ಓಡಿ, ಅಖುರ್ಯಾನ್ ಹೊಳೆ ದಾಟಿ, ಈ ಊರಿನ ಅನಾಥಾಲಯ ಸೇರಿದ್ದಳು. ಗುಮಾಸ್ತ ಹುಟ್ಟಿದ ಊರು ಕೇಳಿದಾಗ ಹುಡುಗಿ ಹೆಸರು ಹೇಳಿದಳು. ಆತ ತನ್ನ ಬಳಿಯ ನಕ್ಷೆಯಲ್ಲಿ ಹುಡುಕಿದ, ಸಿಗಲಿಲ್ಲ, 'ತಿಳಿಯದು' ಎಂದು ಬರೆದುಕೊಂಡ. ಸಾಯುವವರೆಗೂ ಆಕೆಯ ಎಲ್ಲ ಕಾಗದಪತ್ರಗಳಲ್ಲೂ ಅದೇ ಇತ್ತು. "ನಂಗೆ ತಿಳಿದಿತ್ತು, ಅವನಿಗೆ ತಿಳಿದಿರಲಿಲ್ಲ," ಎಂದು ಅಜ್ಜಿ ಹೇಳುತ್ತಿದ್ದುದನ್ನು ಮೊಮ್ಮಗಳು ಮರೆಯಲಿಲ್ಲ.

ಹಮಾಜಾಸ್ಪ್ ರೈಲ್ವೆಯವನು. ಕಾರ್ಸಿಗೆ ಹೋಗುವ ರೈಲಿನಲ್ಲಿ ಕೆಲಸ ಮಾಡಿದ್ದ. ತೊಂಬತ್ತಮೂರರಲ್ಲಿ ಟರ್ಕಿಯ ಗಡಿ ಮುಚ್ಚಿತು, ರೈಲು ನಿಂತಿತು. ಶಾಲೆಯ ಮೂರನೆಯ ಮಹಡಿಯ ಕಿಟಕಿಯಿಂದ ಹೊಳೆಯಾಚೆಯ ಗುಡ್ಡಗಳು ಬರಿಗಣ್ಣಿಗೇ ಕಾಣುತ್ತಿದ್ದವು, ಆದರೆ ಅಲ್ಲಿಗೆ ಹೋಗಬೇಕಾದರೆ ಜಾರ್ಜಿಯಾ ಸುತ್ತಿಕೊಂಡು ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂರಬೇಕಿತ್ತು. ಎಂಬತ್ತೆಂಟರ ಭೂಕಂಪದಲ್ಲಿ ಮನೆ ಬಿದ್ದ ಮೇಲೆ ಗಂಡ ಹೆಂಡತಿ ಇಬ್ಬರೂ ಕಬ್ಬಿಣದ ಡಬ್ಬಿಯಂಥ ಮನೆಯಲ್ಲಿದ್ದರು. ಎರಡು ವರ್ಷದ ಮಟ್ಟಿಗೆಂದು ಸರಕಾರ ಕೊಟ್ಟ ಮನೆ. ಹತ್ತೊಂಬತ್ತು ವರ್ಷವಾಗಿತ್ತು.

ಆ ಹತ್ತೊಂಬತ್ತನೆಯ ವರ್ಷದ ಶರತ್ಕಾಲದಲ್ಲಿ, ಉತ್ತರ ಯೂರೋಪಿನ ಒಂದು ಸೇವಾಸಂಸ್ಥೆ ಶಾಲೆಗೆ ಗೋಡೆಯಗಲದ ನಕ್ಷೆಯೊಂದನ್ನು ದಾನ ಕೊಟ್ಟಿತು. ಯೂರೋಪಿನ ನಕ್ಷೆ. ಹೊಳೆಯುವ ಹಾಳೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕೆಡದಂಥದ್ದು. ಹೆಡ್‌ಮಾಸ್ಟರ್ ಸ್ಪಾರ್ಟಾಕ್ ಮೂರು ದಿನ ಮೊದಲೇ ಕಾರಿಡಾರಿಗೆ ಸುಣ್ಣ ಹೊಡೆಸಿದ. ಸಂಸ್ಥೆಯ ಪರವಾಗಿ ಉದ್ದನೆಯ, ಮೆತ್ತಗಿನ ಮನುಷ್ಯನೊಬ್ಬ ಬಂದ, ಜೊತೆಗೆ ಯೆರೆವಾನಿನಿಂದ ಒಬ್ಬಳು ದುಭಾಷಿ. ರಿಬ್ಬನ್ ಕತ್ತರಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಮಾಡುವಂತೆ ಮಕ್ಕಳು ತಮ್ಮ ಊರನ್ನು ಹುಡುಕಲು ಗೋಡೆಗೆ ಮುತ್ತಿಕೊಂಡರು.

ಏಳನೆಯ ತರಗತಿಯ ಮನೂಶಾಕ್ ಎಂಬ ಹುಡುಗಿಯ ಬೆರಳು ಕಪ್ಪು ಸಮುದ್ರದ ದಂಡೆ ಹಿಡಿದು ಪೂರ್ವಕ್ಕೆ ಹೋಯಿತು. ಜಾರ್ಜಿಯಾದ ಅಂಚು ಸಿಕ್ಕಿತು. ಅಲ್ಲಿಂದ ಕೆಳಗೆ ಬಿಳಿಯ ಚೌಕ. ಕೆಂಪು ಗೆರೆ ರೈಲುದಾರಿ, ನೀಲಿ ಗೆರೆ ನದಿ, ಕಪ್ಪು ಚುಕ್ಕೆ ರಾಜಧಾನಿ ಎಂದು ತಿಳಿಸುವ ಗುರುತುಗಳ ಪಟ್ಟಿ.

"ಟೀಚರ್, ನಾವೆಲ್ಲಿದ್ದೀವಿ?" ಎಂದಳು ಮನೂಶಾಕ್.

ಕ್ನಾರಿಕ್ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡಿದಳು. ಆರ್ಮೇನಿಯ ಇರಲಿಲ್ಲ. ಅದರ ಮೇಲೆ ಪಟ್ಟಿಯನ್ನು ಕೂರಿಸಿದ್ದರು. ಅವಳು ತಿರುಗಿ, ಅತಿಥಿಯನ್ನೇ ನೇರವಾಗಿ ನೋಡುತ್ತಾ, ನಮ್ಮ ದೇಶ ಎಲ್ಲಿ ಎಂದು ಕೇಳಿ ಎಂದು ದುಭಾಷಿಗೆ ಹೇಳಿದಳು. ದುಭಾಷಿ ಫ್ರೆಂಚಿನಲ್ಲಿ ಏನೋ ಹೇಳಿದಳು. ಅತಿಥಿ ಸಂತೋಷದಿಂದ ತಲೆ ಬಾಗಿಸಿದ. ಕ್ನಾರಿಕ್ ಓದುವಾಗ ಫ್ರೆಂಚ್ ಕಲಿತಿದ್ದಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಟೀಚರಿಗೆ ನಕ್ಷೆಯ ಬಣ್ಣಗಳು ತುಂಬ ಹಿಡಿಸಿವೆಯಂತೆ ಎಂದು ದುಭಾಷಿ ಹೇಳಿದ್ದಳು.

ಕ್ನಾರಿಕ್ ತನ್ನ ಹರಕು ಫ್ರೆಂಚಿನಲ್ಲೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಅತಿಥಿ ಬಾಗಿ ನೋಡಿ, ಹುಬ್ಬೇರಿಸಿ, ನಕ್ಕ. ಅದೊಂದು ಸಣ್ಣ ಅಚ್ಚಿನ ವಿಷಯ, ಪಟ್ಟಿಯನ್ನು ಎಲ್ಲಾದರೂ ಹಾಕಲೇಬೇಕಲ್ಲ ಎಂದ. ಕೆಟ್ಟ ಮನುಷ್ಯನೇನಲ್ಲ. ಆದರೆ ಆ 'ಸಣ್ಣ' ಎಂಬ ಮಾತು ಅವಳೊಳಗೆ ಮುಳ್ಳಿನಂತೆ ಮುರಿದುಕೊಂಡಿತು. ಸ್ಪಾರ್ಟಾಕ್ ಅವಳ ಮೊಣಕೈ ಹಿಡಿದು, ಕೇಕ್ ಇಟ್ಟಿದ್ದ ಮೇಜಿನ ಕಡೆ ಎಲ್ಲರನ್ನೂ ಕರೆದೊಯ್ದ.

ನಕ್ಷೆ ಅಚ್ಚು ಹಾಕಿದವರಿಗೆ ಅವಳು ಕಾಗದ ಬರೆದಳು. ಆರು ವಾರದ ಮೇಲೆ ಸೌಜನ್ಯದ ಉತ್ತರ ಬಂತು: ನಮ್ಮ ಪದ್ಧತಿಯ ಪ್ರಕಾರ ನಿಮ್ಮ ದೇಶ ಏಷ್ಯಾದಲ್ಲಿದೆ, ದಯವಿಟ್ಟು ನಮ್ಮ ಏಷ್ಯಾ ನಕ್ಷೆಯನ್ನು ನೋಡಿ. ಸರಿ, ಹಾಗಾದರೆ ಅದನ್ನೇ ಕಳಿಸಿ ಎಂದು ಬರೆದಳು. ಅವರು ಕಳಿಸಿದರು. ಡಬ್ಬಿಮನೆಯ ನೆಲದ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೂ ಟೀ ಲೋಟ ಇಟ್ಟು, ಗಂಡ ಹೆಂಡತಿ ಮೊಣಕಾಲೂರಿ ನೋಡಿದರು. ಎಡಗಡೆಯ ಅಂಚಿನಲ್ಲಿ ಪ್ರಕಾಶಕರ ದುಂಡನೆಯ ಲಾಂಛನವಿತ್ತು. ಟರ್ಕಿಯ ಪೂರ್ವದ ಅರ್ಧ, ಆರ್ಮೇನಿಯ, ಅದರ ನೆರೆಹೊರೆ ಎಲ್ಲವೂ ಅದರಡಿ.

ಹಮಾಜಾಸ್ಪ್ ನೆಲದ ಮೇಲೆ ಉರುಳಿಕೊಂಡು ನಕ್ಕ. "ಬಿಡು ಕ್ನಾರಿಕ್ ಜಾನ್, ಯಾರಿಗೂ ಕಾಣಿಸದೇ ಇದ್ರೆ ಯಾರೂ ಬಂದು ಹೊಡಿಯೋದಿಲ್ಲ. ಮೂರು ಸಾವಿರ ವರ್ಷದಲ್ಲಿ ಇದೇ ಒಳ್ಳೆ ಉಪಾಯ."

"ನಗು, ನಗು," ಎಂದಳು ಅವಳು. "ಫುಟ್‌ಬಾಲ್ ಆಡೋಕೆ ಹೋದ್ರೆ ನಾವು ಯೂರೋಪಿನೋರು. ವೀಸಾ ಕೇಳಿದ್ರೆ ಏಷ್ಯಾದೋರು. ಅವರಿಗೆ ಯಾವಾಗ ಯಾವುದು ಅನುಕೂಲವೋ ಅದು. ನಂಗೆ ಯೂರೋಪೂ ಬೇಡ ಏಷ್ಯಾನೂ ಬೇಡ ಕಣಯ್ಯ, ಇರೋ ಜಾಗದಲ್ಲಿ ಇದ್ದೀವಿ ಅಂತ ತೋರಿಸಿದ್ರೆ ಸಾಕು."

ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಅವನೇ ಸೂಪು ಮಾಡಿ, ಲವಾಶ್ ರೊಟ್ಟಿ ಬೆಚ್ಚಗೆ ಮಾಡಿ ಮುಂದಿಟ್ಟ. ತಿಂದಳು.

ಸಿಟ್ಟಿಗೆ ಕಾರಣ ಕಾಗದದ ಮೇಲಿನ ಒಂದು ಚೌಕ ಮಾತ್ರವಾಗಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ. ಭೂಕಂಪವಾದ ವಾರ ಎಲ್ಲೆಲ್ಲಿಂದಲೋ ವಿಮಾನಗಳು ಬಂದಿದ್ದವು. ಯೂರೋಪಿನಿಂದಲೂ ಬಂದವು, ಏಷ್ಯಾದಿಂದಲೂ ಬಂದವು. ಗುರುತು ಪರಿಚಯವಿಲ್ಲದ ಮಂದಿ ನಾಯಿಗಳನ್ನು ಕರೆತಂದು, ಕುಸಿದ ಶಾಲೆಯ ಕಲ್ಲು ಸರಿಸಿ, ಅವಳ ಪಕ್ಕದ ತರಗತಿಯ ಮಕ್ಕಳನ್ನು ಹೊರತೆಗೆದಿದ್ದರು. ಕೆಲವರನ್ನು ಜೀವಂತವಾಗಿ. ಸತ್ತಾಗ ನಮ್ಮನ್ನು ನಕ್ಷೆಯಲ್ಲಿ ಹುಡುಕಿಕೊಂಡು ಬರಲು ಇವರಿಗೆ ಬರುತ್ತದೆ, ಬದುಕಿರುವಾಗ ಜಾಗ ಸಾಲುವುದಿಲ್ಲ ಎಂದು ಅವಳು ಹಲ್ಲು ಕಚ್ಚಿಕೊಂಡಳು.

ಮೂರನೆಯ ದಿನ ಬೆಳಗ್ಗೆ, ಮೊದಲ ಪಿರಿಯಡ್ಡಿನಲ್ಲಿ, ಏಳನೆಯ ತರಗತಿಯವರು ನೋಡುತ್ತಿದ್ದಂತೆ ಅವಳು ಕುರ್ಚಿ ಹತ್ತಿ, ತರಗತಿಯ ಗೋಡೆಯಲ್ಲಿದ್ದ ಯೂರೋಪ್ ನಕ್ಷೆಯ ಗುರುತುಗಳ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಳು. ಅಲ್ಲಿ, ಮನೆಯಲ್ಲಿ ತಾನೇ ಅಳತೆ ಹಿಡಿದು ಬಣ್ಣ ತುಂಬಿ ತಂದ ತುಂಡನ್ನು ಅಂಟಿಸಿದಳು. ಗೆರೆಗೆ ಗೆರೆ ಕೂಡಿತು. ಕತ್ತರಿಸಿದ ಪಟ್ಟಿಯನ್ನು ನಕ್ಷೆಯ ಕೆಳಗೆ ಗೋಡೆಗೆ ಮೊಳೆ ಹೊಡೆದು ಹಾಕಿ, ಇವತ್ತು ಹೊಳೆಗಳ ಪಾಠ ಎಂದಳು.

ಮಧ್ಯಾಹ್ನದೊಳಗೆ ಸ್ಪಾರ್ಟಾಕ್ ಬಂದ. ನಕ್ಷೆಯ ಮುಂದೆ ನಿಂತು ಮೊದಲು ಬೆವರಿದ, ಆಮೇಲೆ ಬಗ್ಗಿ ನೋಡಿದ, ಆಮೇಲೆ ಅವನಿಗೆ ನಿಜವಾಗಿಯೂ ಸಿಟ್ಟು ಬಂತು.

"ನಮ್ಮ ದೇಶ ಬರೆದದ್ದು ಹಾಳಾಗಿ ಹೋಗ್ಲಿ. ಟರ್ಕಿ ಯಾಕೆ ಬರೆದೆ? ಅಜರ್‌ಬೈಜಾನ್ ಯಾಕೆ ಬರೆದೆ?"

"ಅವರೂ ಪಟ್ಟಿ ಕೆಳಗೇ ಇದ್ರು."

"ಅವರಿದ್ರೆ ನಿಂಗೇನಮ್ಮ?"

"ನಾನು ಭೂಗೋಳದ ಟೀಚರು ಸಾರ್. ಪಕ್ಕದ ಮನೆಯೋನ ಜೊತೆ ಮಾತಿಲ್ಲ ಅಂತ, ಅಲ್ಲಿ ಮನೇನೇ ಇಲ್ಲ ಅಂತ ಮಕ್ಕಳಿಗೆ ಹೇಳ್ಲಾ?"

ಈ ಮಾತು ಊರಲ್ಲಿ ಹಬ್ಬಿತು, ಎಲ್ಲರಿಗೂ ಹಿಡಿಸಲಿಲ್ಲ. ಅಜರ್‌ಬೈಜಾನ್ ಜೊತೆಗಿನ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ನೆರೆಯವಳೊಬ್ಬಳು ರಸ್ತೆಯಲ್ಲಿ ಮುಖ ತಿರುಗಿಸಿಕೊಂಡಳು. ಕ್ನಾರಿಕಳಿಗೆ ಅದು ನೋವಾಯಿತು, ಆದರೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ಶಿಕ್ಷಣ ಇಲಾಖೆಯ ಕಚೇರಿಯಲ್ಲಿ. ಗುರ್ಗೆನ್ ಎಂಬ ಅಧಿಕಾರಿ ಅವಳನ್ನು ಕರೆಸಿದ. ಅವಳು ನರ್ಸರಿಯಿಂದ ನೋಡಿದ ಹುಡುಗ, ಅವಳದೇ ಶಿಷ್ಯ. ಕಾಫಿ ತರಿಸಿದ. ಅದೇ ಸಂಸ್ಥೆ ಶಾಲೆಗೆ ಹೊಸ ಬಾಯ್ಲರ್ ಹಾಕಿಸಿ ಕೋಣೆಗಳಿಗೆಲ್ಲ ಬಿಸಿನೀರಿನ ಕೊಳವೆ ಎಳೆಸುತ್ತೇನೆಂದಿದೆ, ದಾನ ಕೊಟ್ಟ ವಸ್ತುವನ್ನು ಹರಿದು ಹಾಕಿದಿರೆಂದು ಅವರಿಗೆ ತಿಳಿದರೆ ಎಲ್ಲವೂ ಕೈತಪ್ಪುತ್ತದೆ ಎಂದ. ಮಕ್ಕಳು ಕೋಟು ಟೋಪಿ ಹಾಕಿಕೊಂಡು ಪಾಠ ಕೇಳುವ ಊರು ಅದು. ಶಾಯಿ ಹೆಪ್ಪುಗಟ್ಟುವಷ್ಟು ಚಳಿ. ಮನೂಶಾಕಳ ತಾಯಿಯೇ ಬಂದು, ನಿಮ್ಮ ಹಟಕ್ಕೆ ನಮ್ಮ ಮಕ್ಕಳು ಯಾಕೆ ನಡುಗಬೇಕು ಎಂದು ಕೇಳಿ ಹೋಗಿದ್ದಳು. ಕ್ನಾರಿಕಳಿಗೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ಗುರ್ಗೆನ್ ಒಂದು ಹಾಳೆ ಮುಂದೆ ತಳ್ಳಿದ. ಒರೆಸುವಾಗ ಕೈ ಜಾರಿ ನಕ್ಷೆ ಹರಿಯಿತು, ಕ್ಷಮಿಸಿ ಎಂದು ಅದರಲ್ಲಿ ಟೈಪಾಗಿತ್ತು.

"ಒಂದು ಸಹಿ ಅಷ್ಟೇ ಟೀಚರ್. ನಿಮಗೇನು ಕಷ್ಟ?"

ಅವಳು ಹಾಳೆಯನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಬರೆದಳು: 'ನಾನೇ ಕತ್ತರಿಸಿದೆ. ಬೇಕೆಂದೇ ಕತ್ತರಿಸಿದೆ. ಹರಿದದ್ದಕ್ಕೆ ಕ್ಷಮೆ ಕೇಳುತ್ತೇನೆ, ಅಂಟಿಸಿದ್ದಕ್ಕೆ ಕೇಳುವುದಿಲ್ಲ.' ಸಹಿ ಹಾಕಿದಳು.

"ಕೈ ಜಾರಿತು ಅಂತ ಸುಳ್ಳು ಹೇಳೋದನ್ನ ನಿಂಗೆ ನಾನು ಕಲಿಸಿದ್ದೇನೋ ಗುರ್ಗೆನ್?" ಎಂದಳು. "ಕೂತ್ಕೊಂಡು ಕಾಫಿ ಕೊಟ್ಟು, ನಕ್ಷೆಯಲ್ಲೇ ಇಲ್ದಿರೋ ದೇಶಕ್ಕೆ ಅಧಿಕಾರಿಯಾಗಿದ್ದೀಯಲ್ಲ, ನಾಚಿಕೆ ಆಗೋದಿಲ್ವೇನೋ?"

ಅವನು ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ಅವಳನ್ನು ತರಗತಿಯಿಂದ ತೆಗೆದು ಗ್ರಂಥಾಲಯಕ್ಕೆ ಹಾಕುವ ಆದೇಶಕ್ಕೆ ಸಹಿ ಹಾಕಿದ.

ಮೂವತ್ತೈದು ವರ್ಷ ಹಿಡಿದಿದ್ದ ಸೀಮೆಸುಣ್ಣವನ್ನು ಅವಳು ಹೀಗೆ ಕೆಳಗಿಟ್ಟಳು. ಪುಸ್ತಕಗಳ ಧೂಳು ಒರೆಸುತ್ತಾ ಆ ಚಳಿಗಾಲ ಕಳೆದಳು. ಭೂಗೋಳವನ್ನು ವ್ಯಾಯಾಮದ ಮೇಷ್ಟರಿಗೆ ವಹಿಸಿದರು. ಅವನು ಪುಸ್ತಕ ಓದಿಸಿ ಗಂಟೆ ಬಾರಿಸುವುದನ್ನು ಕಾಯುತ್ತಿದ್ದ.

ವಸಂತದಲ್ಲಿ ಬಾಯ್ಲರ್ ಬಂತು. ಜೊತೆಗೆ ಅದೇ ಉದ್ದನೆಯ ಮನುಷ್ಯ. ಗ್ರಂಥಾಲಯದ ಕೊಳವೆ ಪರೀಕ್ಷಿಸಲು ಒಳಬಂದವನು ಅವಳನ್ನು ಗುರುತು ಹಿಡಿದು, ತರಗತಿಯಲ್ಲಿ ನೀವು ಅಂಟಿಸಿದ ತುಂಡನ್ನು ನೋಡಿದೆ, ಕೆಲಸ ಬಹಳ ಅಚ್ಚುಕಟ್ಟಾಗಿದೆ, ನಮ್ಮ ಕಚೇರಿಯ ನಕ್ಷೆಗೂ ಒಂದು ಮಾಡಿಕೊಡುತ್ತೀರಾ ಎಂದು ಕೇಳಿದ. ಅವನ ಮುಖದಲ್ಲಿ ಮುನಿಸಿನ ಎಳೆಯೂ ಇರಲಿಲ್ಲ. ಕ್ನಾರಿಕ್ ವಿಚಾರಿಸಿದಳು. ನಕ್ಷೆಗೂ ಬಾಯ್ಲರಿಗೂ ಸಂಬಂಧವಿದೆಯೇ ಎಂದು ಯಾರೂ ಅವನನ್ನು ಕೇಳಿರಲೇ ಇಲ್ಲ. ಸ್ಪಾರ್ಟಾಕನೂ ಗುರ್ಗೆನನೂ ತಾವೇ ಹೆದರಿ, ತಮ್ಮ ಹೆದರಿಕೆಯನ್ನು ಊರಿಗೆಲ್ಲ ಹಂಚಿ, ಅವಳ ತರಗತಿಯನ್ನು ಕಿತ್ತುಕೊಂಡಿದ್ದರು.

ಅವತ್ತು ಅವಳಿಗೆ ಬಂದ ಸಿಟ್ಟಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಹೊರಗಿನವರು ಕಾಣದೆ ಪಟ್ಟಿ ಹಾಕಿದ್ದರು. ಒಳಗಿನವರು ಕಂಡೂ ಅದನ್ನು ಕಾಯಲು ನಿಂತಿದ್ದರು. ನೇರ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಕೂಗದೆ, ಕೂರದೆ, ಹೇಳಬೇಕಾದದ್ದನ್ನು ಹೇಳಿದಳು. ಸ್ಪಾರ್ಟಾಕ್ ಕಿಟಕಿಯ ಕಡೆ ನೋಡುತ್ತಾ ಮುಂದಿನ ವರ್ಷ ನೋಡೋಣ ಎಂದ. ಅವಳಿಗೆ ತರಗತಿ ಮರಳಿ ಸಿಗಲಿಲ್ಲ. ಆದರೆ ಬುಧವಾರದ ಮಧ್ಯಾಹ್ನಗಳಲ್ಲಿ ಮನೂಶಾಕ್ ಮತ್ತು ಅವಳ ಗೆಳತಿಯರು ತಾವಾಗಿಯೇ ಗ್ರಂಥಾಲಯಕ್ಕೆ ಬಂದು ನೆಲದ ಮೇಲೆ ನಕ್ಷೆ ಹರಡಿ ಕೂರತೊಡಗಿದರು. ಮನೂಶಾಕಳ ತಾಯಿ ಒಂದು ಸಲ ಏಪ್ರಿಕಾಟಿನ ಜಾಮ್ ಕಳಿಸಿದಳು. ಕ್ಷಮೆಯ ಮಾತೇನೂ ಹೇಳಿ ಕಳಿಸಲಿಲ್ಲ, ಇವಳೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಪ್ರಕಾಶಕರಿಂದ ಒಂದು ಉದ್ದನೆಯ ರಟ್ಟಿನ ಕೊಳವೆ ಅವಳ ಹೆಸರಿಗೇ ಅಂಚೆಯಲ್ಲಿ ಬಂತು. ಒಳಗೆ ಯೂರೋಪ್ ನಕ್ಷೆಯ ಹೊಸ ಆವೃತ್ತಿ. ಯೂರೋಪಿನ ಬಲತುದಿಯಲ್ಲಿ ಆರ್ಮೇನಿಯ ಇತ್ತು, ಹೆಸರಿತ್ತು, ಯೆರೆವಾನಿಗೆ ಕಪ್ಪು ಚುಕ್ಕೆ ಇತ್ತು, ಗ್ಯುಮ್ರಿಗೆ ಸಣ್ಣ ಉಂಗುರವಿತ್ತು. ಹಮಾಜಾಸ್ಪ್ ಬಾಟಲಿ ತೆಗೆದು ಎರಡು ಲೋಟಕ್ಕೆ ಹಣ್ಣಿನ ವೋಡ್ಕಾ ಸುರಿದ. ಅವಳು ಲೋಟ ಎತ್ತಿದವಳು ಕುಡಿಯಲಿಲ್ಲ. ಅವಳ ಕಣ್ಣು ನಕ್ಷೆಯ ಇನ್ನೊಂದು ತುದಿಯಲ್ಲಿ ನಿಂತಿತ್ತು.

"ಐಸ್‌ಲ್ಯಾಂಡ್ ಎಲ್ಲೋಯ್ತು?" ಎಂದಳು.

ಮೇಲಿನ ಎಡಮೂಲೆಯಲ್ಲಿ, ಐಸ್‌ಲ್ಯಾಂಡಿನ ಮೇಲೆ, ಗುರುತುಗಳ ಪಟ್ಟಿ ನೆಮ್ಮದಿಯಾಗಿ ಕುಳಿತಿತ್ತು.

ಹಮಾಜಾಸ್ಪ್ ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಐಸ್‌ಲ್ಯಾಂಡಿನವರು ನಿನಗೇನಾಗಬೇಕು, ಅವರಿಗೆ ಬರೆಯಲು ಬರುವುದಿಲ್ಲವೇ ಎಂದು ಮೆತ್ತಗೆ ಕೇಳಿದ. ಅವಳು ಲೋಟವನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡು, ಫ್ರೆಂಚ್ ನಿಘಂಟನ್ನು ಎಳೆದುಕೊಂಡಳು. ಹಾಳೆಯ ಮೇಲ್ಗಡೆ ತಾರೀಖು, ಊರಿನ ಹೆಸರು ಬರೆದು, 'ಮಾನ್ಯರೇ, ಈ ಸಲ ನಾನು ಬರೆಯುತ್ತಿರುವುದು ನನಗಾಗಿ ಅಲ್ಲ' ಎಂದು ಶುರುಮಾಡಿದಳು.