ಕಮಲದೊಳಗಿನ ಹೆಸರು

ಮೊನ್ನೆ ಕೋಗಿಲು ಕ್ರಾಸಿನಲ್ಲಿ ಹೊಸ ಫ್ಲೆಕ್ಸ್ ಬಿಚ್ಚುತ್ತಿದ್ದರು. ಸೀಮೆಎಣ್ಣೆಯಂಥ ಆ ವಾಸನೆ ಮೂಗಿಗೆ ಬಡಿದದ್ದೇ, ಮತ್ತಿಕೆರೆಯಲ್ಲಿದ್ದಾಗಿನ ನಮ್ಮ ಎದುರುಮನೆಯವಳು ನೆನಪಾದಳು...

ತಾನು ಬಾಡಿಗೆಗಿದ್ದ ಮನೆಯ ಓನರ್‌ರ ಗ್ಯಾರೇಜಿನಲ್ಲೇ ಒಂದು ಕಂಪ್ಯೂಟರ್ ಇಟ್ಟು ಡಿಟಿಪಿ ಅಂಗಡಿ ತೆರೆದಿದ್ದಳು. ಓನರ್ ಹೊಲವನ್ನೆಲ್ಲ ಸೈಟು ಮಾಡಿ ದೊಡ್ಡವರಾದವರು. ಅವರ ತಾಯಿಯ ವರ್ಷದ ತಿಥಿಗೆ ಫ್ಲೆಕ್ಸ್ ಮಾಡುವ ಕೆಲಸ ಇವಳಿಗೇ ಬಂತು. ಚೆನ್ನಾಗಿ ಬಂದರೆ ತಮ್ಮ ಲೇಔಟಿನ ಬ್ರೋಷರುಗಳೆಲ್ಲ ನಿನಗೇ ಎಂದಿದ್ದರಂತೆ. "ಆಂಟಿ, ಇದೊಂದು ಕ್ಲಿಕ್ ಆದ್ರೆ ಶಟರ್ ಮೇಲೆ ಬೋರ್ಡ್ ಹಾಕಿಸ್ತೀನಿ" ಎಂದಳು. ಪೂರ್ ಥಿಂಗ್, ಅಲ್ಲಿಯವರೆಗೆ ಬೋರ್ಡೂ ಇರಲಿಲ್ಲ.

ಪ್ರೆಸ್ಸಿನವರ ಹತ್ತಿರ ಅದೇ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರ ಕೆಟ್ಟುಹೋಗುತ್ತದೆ. ಅದಕ್ಕೇ ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಗೆರೆಗಳ ಚಿತ್ರ ಮಾಡಿಬಿಡಬೇಕು. ಮಾಡಿದಳು. ಆದರೆ ತಾಯಿಯ ಹೆಸರನ್ನು ಬೇರೆ ಫೈಲಿನಲ್ಲಿ, ಕಮಲದ ಚಿತ್ರದೊಳಗೆ ಬರೆದು ತಂದು ಕೂರಿಸಿದ್ದಳು. ಅದೊಂದನ್ನು ಗೆರೆ ಮಾಡುವುದು ಮರೆತುಹೋಯಿತು. ಅವಳ ಸ್ಕ್ರೀನಿನಲ್ಲೇನೋ ಎಲ್ಲ ಪರ್ಫೆಕ್ಟ್. ಯಶವಂತಪುರದ ಪ್ರೆಸ್ಸಿನಿಂದ ಬಂದ ಫ್ಲೆಕ್ಸನ್ನು ತಿಥಿಯ ಬೆಳಗ್ಗೆ ಶಾಮಿಯಾನಕ್ಕೆ ಕಟ್ಟಿದರೆ, ಅಜ್ಜಿಯ ಮುಖದ ಕೆಳಗೆ, ಕಮಲದಲ್ಲಿ, ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ರಾಶಿ.

ಬೇರೆ ಹೊಡೆಸಲು ಹೊತ್ತಿರಲಿಲ್ಲ. ಓನರ್ ಕೂಗಾಡಲೂ ಇಲ್ಲ. ಅವಳನ್ನು ಕರೆಸಿ ಫ್ಲೆಕ್ಸಿನ ಕೆಳಗೆ ನಿಲ್ಲಿಸಿದರು.

"ನಮ್ಮವ್ವನ ಹೆಸ್ರು ಅಳಿಸ್ಬುಟ್ಟಲ್ಲವ್ವ. ಇಂಗೇ ನಿಂತ್ಕೊಂಡು ಬಂದೋರ್ಗೆಲ್ಲ ನೀನೇ ಯೋಳು, ಮುನಿಲಕ್ಷ್ಮಮ್ಮ ಅಂತ."

ಮನೆಯೂ ಅವರದೇ, ಶಟರೂ ಅವರದೇ. ಕೊನೆಯ ಪಂಕ್ತಿ ಏಳುವವರೆಗೂ ನಿಂತಳು. ನೆಂಟರು ಬರುವಾಗ ಒಮ್ಮೆ ಕೇಳುವರು, ಕೈ ತೊಳೆದು ಬಂದು ಮತ್ತೆ ಕೇಳುವರು. "ಕೇಳಿಸ್ಲಿಲ್ಲ ಕಣಮ್ಮ, ಜೋರಾಗ್ ಹೇಳು." ಹೇಳುವಳು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅದು ಒಂದು ಪೀರಿಯಡ್ಡಿಗೆ ಮುಗಿಯುತ್ತಿತ್ತು. ಸಾಕು ಬಿಡಿ ಎಂದು ನಾನು ಓನರನ್ನು ಕೇಳಿಕೊಂಡೆ.

"ನೀವು ಪಾಯಸ ಹಾಕ್ಸ್ಕೊಳಿ ಮೇಡಂ" ಎಂದು ನಕ್ಕರು.

ಆಮೇಲೆ ಬೀದಿಗೆ ಬೀದಿಯೇ ಅವಳನ್ನು ಮುನಿಲಕ್ಷ್ಮಮ್ಮ ಎಂದಿತು. ಹಾಲಿನವನು ಕೂಡ. ಕಾಲೇಜಿನವರು ಶಟರ್ ತಟ್ಟಿ ಕೂಗಿ ಓಡುವರು. ಕೆಲಸ ತರುವವರು ಮಾತ್ರ ಇಲ್ಲ. ತಿಂಗಳೊಳಗೆ ಗ್ಯಾರೇಜಿನಲ್ಲಿ ಓನರ್ ಕಾರು ನಿಂತಿತು. ಶೆಟ್ಟಿಹಳ್ಳಿ ಕಡೆ ಹೋದಳೆಂದರು...

ನಿನ್ನೆ ತಡೆಯಲಾರದೆ ಆಟೋ ಹಿಡಿದು ಶೆಟ್ಟಿಹಳ್ಳಿಗೆ ಹೋದೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿದೆ.

"ಹೆಸರೇನ್ ಹೇಳಿ ಮೇಡಂ?"

ನಾಲಿಗೆಗೆ ಬಂದದ್ದು ಆ ಸತ್ತ ಅಜ್ಜಿಯ ಹೆಸರು. ಎಷ್ಟು ಹೊತ್ತು ನಿಂತರೂ ಅವಳದು ಬರಲಿಲ್ಲ.