ದೋಸೆ ಮಾಸ್ತರನ ಕೈಗೆ ಹಿಡಿದ ‘ಶೀತ’

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಸದಾನಂದ ದೋಸೆ ಮಾಸ್ತರ. ಅವನು ಕಾವಲಿಯ ಮೇಲೆ ಬಟ್ಟಲಿನಿಂದ ಹಿಟ್ಟು ತಿರುವುತ್ತಿದ್ದರೆ ಕೋರ್ಟಿನ ಕರಿಕೋಟಿನವರೂ ವಾದ ಮರೆತು ಸಾಲಿನಲ್ಲಿ ನಿಲ್ಲುತ್ತಿದ್ದರು. ಆ ಕೈಯೇ ಕಳೆದ ಮಳೆಗಾಲದಿಂದ ಅವನಿಗೆ ಕೈಕೊಡತೊಡಗಿತು.

ಬೆಳಗ್ಗೆ ಬೆರಳು ಮಡಚುತ್ತಿರಲಿಲ್ಲ. ಬುಡದ ಗೆಣ್ಣುಗಳು ಊದಿ, ಎರಡೂ ಕೈ ಯಾರ ಹತ್ತಿರವೋ ಎರವಲು ತಂದ ಹಾಗೆ. ಬಟ್ಟಲು ಜಾರಿ ಹಿಟ್ಟಿನೊಳಗೇ ಮುಳುಗುತ್ತಿತ್ತು.

“ಹಿಟ್ಟಿನ ಶೀತ ಮಾರಾಯ,” ಎಂದರು ಗಲ್ಲಾಪೆಟ್ಟಿಗೆಯ ಹಿಂದಿದ್ದ ಮಾಲೀಕ ಶಶಿಕಾಂತ ಶೆಟ್ಟರು. “ನನ್ನ ಅಪ್ಪನ ಕಾಲದ ಭಟ್ಟರಿಗೂ ಇತ್ತು. ಬಿಸಿ ಗಂಜಿತಿಳಿಯಲ್ಲಿ ಅದ್ದು.”

ಹೋಟೆಲಿನ ಒಳಮನೆಯಲ್ಲಿ ಈ ಮಾತಿಗೆ ಅಪೀಲಿಲ್ಲ. ಕೈ ನೋವಿಗೆ ಹಿಟ್ಟು ಕಾರಣ, ಕಾಲು ನೋವಿಗೆ ನಿಂತದ್ದು ಕಾರಣ, ಉಳಿದ ನೋವೆಲ್ಲ ರಜೆ ಕೇಳುವ ಉಪಾಯ. ಮೇಲಾಗಿ ಆಫೀಸಿನವರು ನುಗ್ಗುವ ಹೊತ್ತಿಗೆ ಕಾವಲಿಯ ಕಾವಿಗೆ ಬೆರಳು ಸಡಿಲಾಗುತ್ತಿತ್ತು. “ನೋಡಿದಿಯಾ, ಕೆಲಸ ಕಂಡರೆ ನೋವು ಓಡ್ತದೆ!” ಎಂದು ಶೆಟ್ಟರ ನಗು. ಸದಾನಂದನೂ ನಂಬಿದ. ಮೂಳೆ ಡಾಕ್ಟರೊಬ್ಬರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಮೂಳೆ ಫಸ್ಟ್‌ಕ್ಲಾಸ್” ಎಂದು ನೋವಿನ ಗುಳಿಗೆ ಕೊಟ್ಟರು. ಕೈ ಮುಟ್ಟಿ ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ.

ವರ್ಷ ತುಂಬುವಾಗ ಸುಣ್ಣಬಣ್ಣಕ್ಕೆಂದು ಹೋಟೆಲು ಮುಚ್ಚಿತು. ಆಂಟಾಪ್ ಹಿಲ್ಲಿನ ಮನೆಯಲ್ಲಿ ಕಾವಲಿಯ ಕಾವಿಲ್ಲ. ಮಧ್ಯಾಹ್ನವಾಗುತ್ತ ಬಂದರೂ ಸದಾನಂದನಿಗೆ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಹೆಂಡತಿ ಮೋಹಿನಿ ನೋಡಿದಳು, ಸಿಡಿದಳು.

“ಇಲ್ಲಿ ಎಲ್ಲಿಯ ಹಿಟ್ಟು? ಎಲ್ಲಿಯ ಶೀತ? ಶೆಟ್ರ ಗ್ರೈಂಡರ್ ಕೆಟ್ಟರೆ ಮೆಕ್ಯಾನಿಕ್, ನೀವು ಕೆಟ್ಟರೆ ಗಂಜಿಯಾ?”

ಕೀಲುರೋಗಕ್ಕೇ ಬೇರೆ ಡಾಕ್ಟರಿದ್ದಾರೆಂದು ಪಕ್ಕದ ಬಿಲ್ಡಿಂಗಿನ ನರ್ಸ್ ನಮಿತಾಳಿಂದ ತಿಳಿದು, ಮೋಹಿನಿ ಗಂಡನನ್ನು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಅಲ್ಲಿನ ತಜ್ಞೆ, ಮೈಸೂರು ಕಡೆಯ ಡಾಕ್ಟರ್ ಸಾಧನಾ, ಗೆಣ್ಣುಗಳ ಸಾಲನ್ನು ಮೆಲ್ಲಗೆ ಒತ್ತಿದರು. ಸದಾನಂದ ಕಿರುಚಿದ.

“ಎರಡೂ ಕೈ ಊದಿದೆ. ಬೆಳಗ್ಗೆ ಗಂಟೆಗಟ್ಟಲೆ ಬಿಗಿತ, ಆಡಿಸಿದ ಮೇಲೆ ಸಡಿಲ. ಇದು ಶೀತ ಅಲ್ಲ ರೀ, ಸಂಧಿವಾತ ಇರಬೇಕು. ಮೈಯ ಕಾವಲುಪಡೆಯೇ ಕೀಲಿನ ಮೇಲೆ ತಿರುಗಿಬೀಳೋ ಕಾಯಿಲೆ. ರಕ್ತ ಪರೀಕ್ಷೆ ಮಾಡಿಸೋಣ. ಶುರುವಿನಲ್ಲಿ ಎಕ್ಸ್‌ರೇಗೆ ಕಾಣದೇ ಇರಬಹುದು. ಇಂಥ ಊತ ಕೆಲವು ವಾರ ಬಿಡದಿದ್ದರೇ ನಮ್ಮ ಹತ್ರ ಬರಬೇಕಿತ್ತು.”

“ಕೈ ಉಳೀತದಾ ಮೇಡಂ? ದೋಸೆ ಹುಯ್ಯಬೇಕು.”

“ಉಳಿಸೋಣ. ಔಷಧಿ ನಿಧಾನವಾಗಿ ಹಿಡಿಯುತ್ತೆ, ನಡುವೆ ಬಿಡಬೇಡಿ. ಆ ಕಿರುಬೆರಳು ಮಾತ್ರ ಬಾಗಿಬಿಟ್ಟಿದೆ. ಬೇಗ ಬಂದಿದ್ದರೆ ಅದೂ ಉಳೀತಿತ್ತೇನೋ.”

ಸದಾನಂದನಿಗೆ ಪಿತ್ತ ನೆತ್ತಿಗೇರಿತು. ವರ್ಷವಿಡೀ ಗಂಜಿಯಲ್ಲಿ ಬೇಯಿಸಿಕೊಂಡ ಕೈ! ಅನ್ನವಾದರೂ ಆಗಿದ್ದರೆ ಯಾರಾದರೂ ಬೆಂದಿದೆಯೇ ಎಂದು ಹಿಚುಕಿ ನೋಡುತ್ತಿದ್ದರು.

ರಕ್ತ ಪರೀಕ್ಷೆಯೂ ಸಂಧಿವಾತವೆಂದೇ ಹೇಳಿ, ಔಷಧಿ ಶುರುವಾಯಿತು. ಹೋಟೆಲು ತೆರೆದ ದಿನ ಅವನು ನೇರ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತ.

“ಶೆಟ್ರೇ, ಔಷಧಿ ಹಿಡಿಯುವವರೆಗೆ ಎಂಟರ ಮೊದಲು ದೋಸೆ ಇಲ್ಲ. ಬಂದವರಿಗೆ ಇಡ್ಲಿ ಕೊಡಿ.”

“ಗಿರಾಕಿಗೆ ಎಂತ ಹೇಳುವುದು ಮಾರಾಯ?”

“ಮಾಸ್ತರ ಬಂದಿದ್ದಾನೆ, ಅವನ ಕೈ ಇನ್ನೂ ಬಂದಿಲ್ಲ ಅಂತ ಹೇಳಿ.”

ಶೆಟ್ಟರು ರೇಗಲು ಬಾಯಿ ತೆರೆದರು. ಸದಾನಂದ ಬಾಗಿದ ಬೆರಳನ್ನು ಅವರ ಮುಂದೆ, ಗಲ್ಲಾದ ಗಾಜಿನ ಮೇಲಿಟ್ಟ. ತೆಗೆಯಲಿಲ್ಲ. ಅದನ್ನು ನೋಡುತ್ತ ನೋಡುತ್ತ ಶೆಟ್ಟರು ತಿಂಡಿಯ ಬೋರ್ಡು ತಿದ್ದಲು ಸೀಮೆಸುಣ್ಣಕ್ಕಾಗಿ ತಡಕಾಡಿದರು.